ಕೇಳದೆ ಒರೆಸಿದ್ದು

ಮಾರ್ಚ್ 3, ಮಂಗಳವಾರ

ಅತ್ತಿಗೆ ಅಂಗಡಿಗೆ ಬಂದಿದ್ದರು. ಆರು ವರ್ಷದಲ್ಲಿ ಇದೇ ಮೊದಲು. ಬಾಗಿಲಲ್ಲೇ ನಿಂತು, ಒಳಗಿನ ಹಳೇ ಲ್ಯಾಪ್‌ಟಾಪ್‌ಗಳ ಗುಡ್ಡೆಯನ್ನೆಲ್ಲ ಒಮ್ಮೆ ನೋಡಿ, ‘ಇದರಲ್ಲಿ ನೀನು ಎಲ್ಲಿದ್ದೀಯ?’ ಎಂದರು. ನಾನು ಮೇಜಿನ ಕೆಳಗೆ ಬಿದ್ದ ಸ್ಕ್ರೂ ಹುಡುಕುತ್ತಿದ್ದೆ. ಎದ್ದು ಬಂದು, ಸ್ಟೂಲ್ ಮೇಲಿದ್ದ ಚಾರ್ಜರ್‌ಗಳನ್ನು ಸರಿಸಿ ಕೂರಿಸಿದೆ. ಬಟ್ಟೆ ಚೀಲದಿಂದ ಒಂದು ಸಣ್ಣ ಲ್ಯಾಪ್‌ಟಾಪ್ ತೆಗೆದು ಮೇಜಿನ ಮೇಲಿಟ್ಟರು.

‘ಆನ್ ಮಾಡಿ ಸ್ನಾನ ಮುಗಿಸ್ಕೊಂಡು ಬಂದ್ರೂ ಇನ್ನೂ ಸುತ್ತುತ್ತಾ ಇರುತ್ತೆ. ನೀನು ಇಂಥವನ್ನ ಸರಿ ಮಾಡ್ತೀಯಂತಲ್ಲ, ನೋಡು.’

‘ಯಾರದು?’

‘ನಿಮ್ಮಣ್ಣಂದು.’

ಅಂದರೆ ಅತ್ತಿಗೆಯ ಗಂಡನದು. ಹಾಗೆ ಬರೆಯುವುದೇ ನನಗೆ ಸಲೀಸು. ಅವರು ಲಿಫ್ಟ್ ಮೆಕ್ಯಾನಿಕ್ ಆಗಿದ್ದರು. ನವೆಂಬರ್‌ನಲ್ಲಿ ತೀರಿಕೊಂಡರು. ನಮ್ಮಿಬ್ಬರಿಗೂ ಆರು ವರ್ಷದಿಂದ ಮಾತಿರಲಿಲ್ಲ. ಆಸ್ಪತ್ರೆಗೆ ಎರಡು ಸಲ ಹೋಗಿ ಮಂಚದ ಕಾಲ ಬಳಿ ನಿಂತು ಬಂದಿದ್ದೆ. ಇದಕ್ಕಿಂತ ಹೆಚ್ಚು ಬರೆಯಬೇಕಾಗಿಲ್ಲ. ಈ ಪುಸ್ತಕ ಇಟ್ಟುಕೊಂಡದ್ದು ಯಾವ ಮಿಷಿನ್‌ಗೆ ಏನು ಮಾಡಿದೆ ಎಂಬುದನ್ನು ಮರೆಯದಿರಲು.

ವಿವರ: ಹನ್ನೊಂದು ಇಂಚು. ಎರಡು ಜಿಬಿ ರ‍್ಯಾಮ್. ಸಂಗ್ರಹ ಮೂವತ್ತೆರಡು ಜಿಬಿ, ಅದೂ ಬೋರ್ಡಿಗೇ ಬೆಸೆದದ್ದು, ಬಿಚ್ಚಿ ಬದಲಿಸುವ ಹಾಗಿಲ್ಲ. ಕೊಂಡು ವರ್ಷವೂ ಆಗಿಲ್ಲ. ಜೊತೆಗೆ ಬಂದ ಸಿಸ್ಟಮ್ ಮುಕ್ಕಾಲು ಪಾಲು ಜಾಗವನ್ನು ತಾನೇ ನುಂಗಿ, ಅಪ್‌ಡೇಟ್ ಇಳಿಸಲು ಜಾಗ ಸಾಲದೆ ದಿನವಿಡೀ ಒದ್ದಾಡುತ್ತದೆ. ಕೋಳಿಗೂಡಿನಲ್ಲಿ ಆನೆ ಕಟ್ಟಿದ ಹಾಗೆ. ಆನೆಯನ್ನು ಬೈದು ಪ್ರಯೋಜನವಿಲ್ಲ, ಗೂಡನ್ನು ಬೈದೂ ಪ್ರಯೋಜನವಿಲ್ಲ.

ಇಂಥದ್ದಕ್ಕೆ ನನ್ನ ಹತ್ತಿರ ಇರುವುದು ಒಂದೇ ಮದ್ದು. ಎಲ್ಲ ಒರೆಸಿ ಲಿನಕ್ಸ್ ಎಂಬ ಹಗುರವಾದ ಸಿಸ್ಟಮ್ ಹಾಕುವುದು. ಪೆನ್‌ಡ್ರೈವ್ ಚುಚ್ಚಿ, ಅತ್ತಿಗೆ ಮೆಟ್ಟಿಲಿಳಿದು ಬೀದಿ ದಾಟುವುದರೊಳಗೆ ಒರೆಸಲು ಕೊಟ್ಟೆ. ನಾಲ್ಕು ನಿಮಿಷ ಹಿಡಿಯಿತು.

ಮಾರ್ಚ್ 4, ಬುಧವಾರ

ಲಿನಕ್ಸ್ ಹಾಕಿದ್ದಾಯಿತು, ಮಿಷಿನ್ ಮಾತ್ರ ಕಪ್ಪು ಪರದೆ ತೋರಿಸಿ ಮುನಿಸಿಕೊಂಡು ಕೂತಿತು. ಅಗ್ಗದ ಮಿಷಿನ್‌ಗಳ ಹಳೇ ಚಾಳಿ. ಪ್ರೊಸೆಸರ್ ಅರವತ್ನಾಲ್ಕು ಬಿಟ್‌ನದು, ಅದನ್ನು ಎಬ್ಬಿಸುವ ಪ್ರೋಗ್ರಾಂ ಮೂವತ್ತೆರಡರದು. ಎಬ್ಬಿಸುವ ಫೈಲನ್ನು ಪ್ರತ್ಯೇಕವಾಗಿ ಹಾಕಿದ ಮೇಲೆ ಎದ್ದಿತು. ವೈಫೈ ತಾನೇ ಸಿಕ್ಕಿತು. ಸ್ಪೀಕರ್ ಬಾಯಿ ಬಿಡಲಿಲ್ಲ. ಮಧ್ಯಾಹ್ನವೆಲ್ಲ ಅದರ ಮುಂದೆ ಕೂತ ಮೇಲೆ ಬಿಟ್ಟಿತು.

ಎದ್ದ ಕೂಡಲೇ ರ‍್ಯಾಮ್ ಬಳಕೆ: 410 ಎಂಬಿ. ಜಾಸ್ತಿಯಾಯಿತು.

ಪಕ್ಕದ ಅಂಗಡಿಯ ಜೆರಾಕ್ಸ್ ಅಕ್ಕ ಕತ್ತರಿ ಕೇಳಲು ಬಂದವಳು ಮಿಷಿನ್ ಯಾರದೆಂದು ವಿಚಾರಿಸಿದಳು. ಹೇಳಿದೆ.

‘ಹೋದವರ ವಸ್ತು. ಸ್ವಲ್ಪ ನೋಡ್ಕೊಂಡು ಮಾಡಪ್ಪ.’

‘ಮಿಷಿನ್‌ಗೆ ಇದ್ದವರು ಹೋದವರು ಅಂತ ಭೇದ ಇಲ್ಲ ಅಕ್ಕ.’

‘ನಿನಗೂ ಇಲ್ಲ’ ಎಂದು ಕತ್ತರಿ ತೆಗೆದುಕೊಂಡು ಹೋದಳು. ಕತ್ತರಿ ಇನ್ನೂ ವಾಪಸ್ ಬಂದಿಲ್ಲ.

ಮಾರ್ಚ್ 6, ಶುಕ್ರವಾರ

238 ಎಂಬಿ. ಪ್ರಿಂಟರ್ ಸೇವೆ ತೆಗೆದೆ, ಬ್ಲೂಟೂತ್ ತೆಗೆದೆ, ಫೈಲ್ ಹುಡುಕಲು ಹಿಂದಿನಿಂದ ಓಡುತ್ತಲೇ ಇರುವ ಪ್ರೋಗ್ರಾಂ ತೆಗೆದೆ. ಮೊದಲು ಹಾಕಿದ್ದ ಡೆಸ್ಕ್‌ಟಾಪನ್ನೇ ಕಿತ್ತು, ಪರದೆಯ ಮೇಲಿನ ಕಿಟಕಿಗಳನ್ನು ನಿಭಾಯಿಸುವ ಸಣ್ಣ ಪ್ರೋಗ್ರಾಂ ಒಂದನ್ನೇ ಬಿಟ್ಟೆ. ಮೈತುಂಬ ಒಡವೆ ಹೇರಿಕೊಂಡು ಓಡುವ ಪಂದ್ಯಕ್ಕೆ ನಿಂತ ಹಾಗಿತ್ತು ಮೊದಲು. ಈಗ ಆನ್ ಆಗಲು ಹದಿನಾಲ್ಕು ಸೆಕೆಂಡು.

ಜನ ಬಿಸಾಡುವ ಇಂಥ ಮಿಷಿನ್‌ಗಳು ಎದ್ದು ಓಡಾಡುವುದನ್ನು ನೋಡಿದರೆ ನನಗೆ ಖುಷಿಯಾಗುತ್ತದೆ. ಬೇರೆ ಯಾವುದಕ್ಕೂ ಇಷ್ಟು ಆಗುವುದಿಲ್ಲ.

ಮಾರ್ಚ್ 10, ಮಂಗಳವಾರ

ಅತ್ತಿಗೆಯ ಫೋನ್.

‘ಹೇಗಿದೆ ಮಿಷಿನ್?’

‘ಓಡ್ತಿದೆ. ಇನ್ನು ನಿಮಗೆ ಸ್ನಾನಕ್ಕೆ ಪುರುಸೊತ್ತು ಸಿಗಲ್ಲ.’

ಅವರು ನಗಲಿಲ್ಲ. ‘ಒಳಗೆ ನೋಡಿದ್ಯಾ?’

‘ಏನನ್ನ?’

‘ಆಸ್ಪತ್ರೇಲಿ ಎರಡು ತಿಂಗಳು ಅದರಲ್ಲೇ ಬರೀತಿದ್ರಲ್ಲ. ದಿನಾ ಊಟ ಆದ್ಮೇಲೆ ತೊಡೆ ಮೇಲಿಟ್ಕೊಂಡು ಕೂರೋರು. ಏನ್ರೀ ಅದು ಅಂದ್ರೆ, ಮುಗೀಲಿ ಅನ್ನೋರು. ಅದು ಸಿಕ್ತಾ?’

‘ಇನ್ನೂ ನೋಡಿಲ್ಲ ಅತ್ತಿಗೆ’ ಎಂದೆ.

‘ನಿಧಾನವಾಗಿ ನೋಡು’ ಎಂದು ಫೋನ್ ಇಟ್ಟರು.

ನೋಡಲು ಏನೂ ಉಳಿದಿಲ್ಲ. ಒರೆಸಿ ಇವತ್ತಿಗೆ ಏಳು ದಿನ.

ನನ್ನ ತಲೆಯ ಮೇಲೆ, ಗೋಡೆಗೆ ನಾನೇ ಅಂಟಿಸಿದ ಕಾಗದವಿದೆ: ‘ಒರೆಸುವ ಮೊದಲು ಹೇಳಿ, ಒಳಗೆ ಬೇಕಾದದ್ದು ಏನಾದರೂ ಇದೆಯೇ?’ ಬಂದ ಗಿರಾಕಿಗೆಲ್ಲ ಮೂರು ಸಲ ಕೇಳುತ್ತೇನೆ. ಚೀಟಿಗೆ ಸಹಿ ಹಾಕಿಸಿಕೊಳ್ಳುತ್ತೇನೆ. ಜೆರಾಕ್ಸ್ ಅಕ್ಕನ ಕೈಲೂ ಹಾಕಿಸಿಕೊಂಡಿದ್ದೇನೆ, ಅವಳ ಕಂಪ್ಯೂಟರ್‌ನಲ್ಲಿ ಇದ್ದದ್ದು ಎರಡು ಇಸ್ಪೀಟ್ ಆಟ. ಅತ್ತಿಗೆಯನ್ನು ಕೇಳಲಿಲ್ಲ. ಮನೆಯವರಲ್ಲವೇ ಎಂದು ಬಿಟ್ಟೆನೋ, ಅವರ ಗಂಡನ ಮಿಷಿನ್‌ನಲ್ಲಿ ನನಗೆ ಬೇಕಾದದ್ದು ಏನಿರುತ್ತದೆ ಎಂದು ಬಿಟ್ಟೆನೋ, ಯೋಚಿಸಿದರೂ ತಿಳಿಯುತ್ತಿಲ್ಲ.

ಮಾರ್ಚ್ 11, ಬುಧವಾರ

ಅಳಿದ ಫೈಲ್ ಹುಡುಕುವ ಪ್ರೋಗ್ರಾಂ ಹಚ್ಚಿದೆ. ಬೆಳಿಗ್ಗೆ ಎಂಟರಿಂದ ಸಂಜೆ ಐದರವರೆಗೆ ಓಡಿತು. ಸಿಕ್ಕಿದ್ದು ನಾನೇ ಹಾಕಿದ ಲಿನಕ್ಸ್‌ನ ಚಿತ್ರಗಳು. ಉಳಿದೆಡೆ ಸೊನ್ನೆ.

ಇದು ನನಗೆ ಮೊದಲೇ ಗೊತ್ತಿತ್ತು. ಹಳೇ ಕಾಲದ ಡಿಸ್ಕ್ ಆಗಿದ್ದರೆ ಒರೆಸಿದ ಮೇಲೂ ಗುರುತು ಉಳಿಯುತ್ತಿತ್ತು, ಬಳಪದ ಹಲಗೆಯ ಹಾಗೆ. ಈ ಚಿಪ್‌ಗೆ ‘ಖಾಲಿ ಮಾಡು’ ಎಂದರೆ ನಿಜವಾಗಿಯೂ ಖಾಲಿ ಮಾಡುತ್ತದೆ. ಹಾಗೆ ಹೇಳುವ ಆದೇಶವನ್ನು ನಾನು ಬೇಕೆಂದೇ ಸೇರಿಸುತ್ತೇನೆ, ಮಿಷಿನ್ ಚುರುಕಾಗುತ್ತದೆ ಎಂದು. ಗೊತ್ತಿದ್ದೂ ಒಂಬತ್ತು ಗಂಟೆ ಅದರ ಮುಂದೆ ಕೂತಿದ್ದೆ. ಗಿರಾಕಿಗಳನ್ನು ನಾಳೆ ಬನ್ನಿ ಎಂದು ಕಳಿಸಿದೆ.

ಆ ವಾರ್ಡಿನಲ್ಲಿ ಇಂಟರ್‌ನೆಟ್ ಇರಲಿಲ್ಲ. ಬೇರೆಲ್ಲೂ ಪ್ರತಿ ಇರಲಾರದು.

ಮಾರ್ಚ್ 14, ಶನಿವಾರ

191 ಎಂಬಿ.

ಅತ್ತಿಗೆಯದು ಬಟ್ಟೆ ತಿದ್ದಿಕೊಡುವ ಅಂಗಡಿ. ಮನೆಯ ಮುಂದಿನ ಕೋಣೆಯಲ್ಲೇ ಹೊಲಿಗೆ ಮಿಷಿನ್ ಹಾಕಿಕೊಂಡಿದ್ದಾರೆ. ಅವರಿಗೆ ಬೇಕಾಗುವುದು ಗಿರಾಕಿಗಳ ಅಳತೆ ಬರೆದಿಡುವುದಕ್ಕೆ ಒಂದು ಜಾಗ, ವಿಡಿಯೊ ನೋಡಲು ಒಂದು ಬ್ರೌಸರ್. ಪರದೆಯ ಮೇಲೆ ಎರಡೇ ಚಿತ್ರ ಇಟ್ಟೆ, ಒಂದು ಟೇಪಿನದು, ಒಂದು ಭೂಗೋಳದ್ದು. ಅಕ್ಷರ ದೊಡ್ಡದು ಮಾಡಿದೆ. ಬ್ರೌಸರ್‌ನಲ್ಲಿ ನಾಲ್ಕು ಪುಟ ತೆರೆದರೆ ಎರಡು ಜಿಬಿ ತುಂಬಿ ಉಸಿರು ಕಟ್ಟುತ್ತದೆ, ಹಾಗಾಗಿ ಸದ್ಯಕ್ಕೆ ಬೇಡದ್ದನ್ನು ರ‍್ಯಾಮ್‌ನೊಳಗೇ ಒತ್ತಿ ಮಡಚಿಡುವ ವ್ಯವಸ್ಥೆ ಮಾಡಿದೆ. ಪೆಟ್ಟಿಗೆಯ ಮೇಲೆ ಕೂತು ಮುಚ್ಚಳ ಹಾಕಿದ ಹಾಗೆ ಆಯಿತು. ಆರು ಪುಟ ತೆರೆದೆ, ತಡೆಯಿತು. ಏಳನೆಯದಕ್ಕೆ ನಿಂತಿತು. ಮತ್ತೆ ಅಳತೆ ತಿದ್ದಿದೆ. ಏಳೂ ತೆರೆಯಿತು.

ಮಿಷಿನ್ ಸಿದ್ಧವಾಗಿ ನಾಲ್ಕು ದಿನವಾಗಿದೆ. ಸುಮ್ಮನೆ ಕೊಟ್ಟು ಬರಬಹುದು. ಕೊಟ್ಟರೆ ಹೇಳಬೇಕಾಗುತ್ತದೆ.

ಆ ಜಗಳದ ವಿಷಯ. ಬರೆಯುವುದಿಲ್ಲ ಎಂದಿದ್ದೆ, ಆದರೂ ಇರಲಿ. ಅಮ್ಮ ಹೋದ ದಿನ ಬೆಳಿಗ್ಗೆ ಫೋನ್ ಬಂದಾಗ ಒಂದು ಮಿಷಿನ್ ಅರ್ಧ ಇನ್‌ಸ್ಟಾಲ್ ಆಗಿತ್ತು. ನಡುವೆ ನಿಲ್ಲಿಸಿದರೆ ಕೆಡುತ್ತಿತ್ತು. ಇದು ಮುಗಿಸಿ ಬರ್ತೀನಿ ಎಂದು ಹೇಳಿ, ನಲವತ್ತು ನಿಮಿಷ ಕಾದು ಹೊರಟೆ. ನಾನು ತಲುಪುವ ಇಪ್ಪತ್ತು ನಿಮಿಷ ಮೊದಲು ಅಮ್ಮನ ಉಸಿರು ನಿಂತಿತ್ತು. ಬಾಗಿಲಲ್ಲಿ ಅಣ್ಣ ನಿಂತಿದ್ದ. ಅಷ್ಟು ಜನರ ಮುಂದೆ ಕೇಳಿದ, ‘ಅದು ಮುಗೀತಾ?’

‘ಮುಗೀತು’ ಎಂದೆ.

ಆಮೇಲೆ ನಾವು ಮಾತಾಡಲಿಲ್ಲ. ಅವನು ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಎಲ್ಲರ ಮುಂದೆ ಕೇಳಿದ್ದು ತಪ್ಪು ಎಂದು ಆರು ವರ್ಷ ಹಿಡಿದುಕೊಂಡಿದ್ದೆ.

ಮಾರ್ಚ್ 17, ಮಂಗಳವಾರ

168 ಎಂಬಿ. ಇನ್ನು ತೆಗೆಯಲು ಏನೂ ಇಲ್ಲ. ಗಡಿಯಾರವನ್ನೂ ತೆಗೆದಿದ್ದೆ, ಮತ್ತೆ ಹಾಕಿದೆ. ಅತ್ತಿಗೆಗೆ ಗಂಟೆ ನೋಡಬೇಕಾಗುತ್ತದೆ.

ಮೂರು ಸಲ ಅವರ ಫೋನ್ ಬಂತು. ಎತ್ತಲಿಲ್ಲ.

ಮಾರ್ಚ್ 19, ಗುರುವಾರ

ಬೇರೆ ಕೆಲಸ ಉಳಿದಿರಲಿಲ್ಲವೆಂದು ಕೀಬೋರ್ಡ್ ಸ್ವಚ್ಛ ಮಾಡಲು ಕೂತೆ. ಕೀಗಳ ಸಂದಿನಲ್ಲಿ ಬಿಸ್ಕತ್ತಿನ ಪುಡಿ, ಒಂದು ಬಿಳಿ ಕೂದಲು. ಬ್ರಶ್ಶಿನಿಂದ ತೆಗೆದೆ. ಕೂದಲನ್ನು ಬಿಸಾಡಲಿಲ್ಲ. ಸ್ಕ್ರೂ ಹಾಕುವ ಡಬ್ಬಿಯಲ್ಲಿಟ್ಟಿದ್ದೇನೆ, ಯಾಕೆಂದು ಕೇಳುವವರು ಯಾರೂ ಇಲ್ಲ.

ದೀಪದ ಕೆಳಗೆ ಓರೆಯಾಗಿ ಹಿಡಿದರೆ ಯಾವ ಕೀ ಎಷ್ಟು ಸವೆದಿದೆ ಎಂದು ಕಾಣುತ್ತದೆ. ಅಗ್ಗದ ಪ್ಲಾಸ್ಟಿಕ್, ಬೇಗ ನುಣುಪಾಗುತ್ತದೆ. ಅಣ್ಣನ ಬೆರಳುಗಳೋ, ಲಿಫ್ಟಿನ ಉಕ್ಕಿನ ಹಗ್ಗ ಹಿಡಿದು ಜಡ್ಡುಗಟ್ಟಿದ್ದವು. ಅಕ್ಷರದ ಕೀಗಳೆಲ್ಲ ಅಲ್ಪಸ್ವಲ್ಪ ಹೊಳೆಯುತ್ತಿದ್ದವು. ಎಲ್ಲಕ್ಕಿಂತ ಹೆಚ್ಚು ಹೊಳೆಯುತ್ತಿದ್ದುದು ಮೂಲೆಯ ಅಳಿಸುವ ಕೀ. ಮೇಲಿನ ಬಾಣದ ಗುರುತೇ ಹೋಗಿದೆ.

ಬರೆದದ್ದಕ್ಕಿಂತ ಅಳಿಸಿದ್ದೇ ಹೆಚ್ಚು ಎಂದಾಯಿತು. ಎರಡು ತಿಂಗಳು ದಿನಕ್ಕೊಂದು ಸಾಲು ಬರೆದು, ಹಿಡಿಸದೆ ಅಳಿಸಿ, ಮಿಷಿನ್ ಮುಚ್ಚಿಟ್ಟಿರಬಹುದು. ಹಾಗಿದ್ದರೆ ನಾನು ಒರೆಸಿದಾಗ ಅದರಲ್ಲಿ ಏನೂ ಇರಲೇ ಇಲ್ಲವೇನೋ. ಈ ಯೋಚನೆ ಬಂದ ಮೇಲೆ ಮನಸ್ಸು ಎಷ್ಟೋ ಹಗುರವಾಯಿತು. ಭಾನುವಾರ ಹೋಗಿ ಇದನ್ನೇ ಹೇಳುವುದು.

ಮಾರ್ಚ್ 22, ಭಾನುವಾರ

ಹೋಗಿದ್ದೆ. ಅತ್ತಿಗೆ ಒಂದು ಕೋಟಿನ ತೋಳು ಬಿಚ್ಚುತ್ತ ಕೂತಿದ್ದರು. ಬಾಯಲ್ಲಿ ಗುಂಡುಸೂಜಿ. ಕಣ್ಣಿನಲ್ಲೇ ಕೂರು ಎಂದರು. ಲ್ಯಾಪ್‌ಟಾಪ್ ಆನ್ ಮಾಡಿ ತೋರಿಸಿದೆ. ಟೇಪಿನ ಚಿತ್ರ ಒತ್ತಿದರೆ ಅಳತೆ ಪುಸ್ತಕ ತೆರೆಯುವುದನ್ನು ತೋರಿಸಿದೆ, ಏಳು ಪುಟ ಒಟ್ಟಿಗೆ ತೆರೆದು ತೋರಿಸಿದೆ. ಕೇಳದಿದ್ದರೂ ರ‍್ಯಾಮ್ ಬಗ್ಗೆ ಹೇಳಿದೆ. ಅವರು ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದು ದಿಂಬಿಗೆ ಚುಚ್ಚಿದರು.

‘ಬರೆದದ್ದು ಎಲ್ಲಿ?’

‘ಇಲ್ಲ ಅತ್ತಿಗೆ. ನೀವು ತಂದ ದಿನವೇ ಎಲ್ಲ ಒರೆಸಿಬಿಟ್ಟೆ. ಹುಡುಕಿದೆ, ಸಿಗಲಿಲ್ಲ. ಸಿಗಲ್ಲ.’

‘ನೀನು ಓದಿ ಆದ್ಮೇಲೆ ಒರೆಸಿದ್ದು ತಾನೆ?’

‘ಓದಲಿಲ್ಲ.’

‘ಒಂದಕ್ಷರಾನೂ?’

‘ಇದೆ ಅಂತಲೇ ಗೊತ್ತಿರಲಿಲ್ಲ.’

ಅವರು ಕೋಟಿನ ತೋಳನ್ನು ಮತ್ತೆ ಕೈಗೆತ್ತಿಕೊಂಡರು. ನಾನು ಕೀಬೋರ್ಡನ್ನು ಕಿಟಕಿಯ ಬೆಳಕಿಗೆ ಹಿಡಿದು ಅಳಿಸುವ ಕೀ ತೋರಿಸಿದೆ. ನೋಡಿ ಎಷ್ಟು ಸವೆದಿದೆ, ಅಣ್ಣ ಬರೆದದ್ದನ್ನೆಲ್ಲ ತಾನೇ ಅಳಿಸಿರಬಹುದು, ಬಹುಶಃ ಒಳಗೆ ಏನೂ ಉಳಿದಿರಲಿಲ್ಲ ಎಂದೆ. ಮೂರು ದಿನ ಮನಸ್ಸಿನಲ್ಲೇ ಹೇಳಿಕೊಂಡಿದ್ದ ಮಾತು. ಬಾಯಿಂದ ಹೊರಬಿದ್ದಾಗ ಚಿಲ್ಲರೆಯಾಗಿ ಕೇಳಿಸಿತು.

‘ಅವರು ಅಳಿಸಿದ್ದು ಅವರಿಷ್ಟ’ ಎಂದರು ಅತ್ತಿಗೆ. ಧ್ವನಿ ಏರಿರಲಿಲ್ಲ. ‘ಅವರು ಉಳಿಸಿದ್ದನ್ನ ಅಳಿಸಿದೋನು ನೀನು. ದಾರೀಲಿ ಹೋಗೋರನ್ನ ಕೂರಿಸಿ ಮೂರು ಸಲ ಕೇಳ್ತೀಯಂತೆ, ಏನಾದ್ರೂ ಬೇಕಾ ಅಂತ. ನನ್ನನ್ನ ಒಂದು ಸಲ ಕೇಳೋಕೆ ನಿನಗೇನಾಗಿತ್ತು?’

‘ಹೋಗು ಈಗ’ ಎಂದರು. ಎದ್ದು ಬಂದೆ. ಮಿಷಿನ್ ಅಲ್ಲೇ ಉಳಿಯಿತು.

ಮಾರ್ಚ್ 23, ಸೋಮವಾರ

ಅಂಗಡಿ ತೆರೆದೆ. ಮುಚ್ಚಿದೆ.

ಮಾರ್ಚ್ 28, ಶನಿವಾರ

ಜೆರಾಕ್ಸ್ ಅಕ್ಕ ಕತ್ತರಿ ತಂದುಕೊಟ್ಟಳು. ಮುಖ ನೋಡಿ ಏನಾಯಿತು ಎಂದಳು. ಹೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ, ಬೈಯಲಿಲ್ಲ. ‘ಊಟ ಮಾಡಿದ್ಯಾ?’ ಎಂದು ಕೇಳಿ ಹೋದಳು. ಅದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು.

ಒಬ್ಬ ಗಿರಾಕಿ ಇಂಥದ್ದೇ ಸಣ್ಣ ಮಿಷಿನ್ ತಂದಿದ್ದ. ಒಳಗೆ ಬೇಕಾದದ್ದು ಇದೆಯೇ ಎಂದು ಕೇಳಿದೆ. ಇಲ್ಲ ಎಂದ. ಇನ್ನೊಮ್ಮೆ ಯೋಚಿಸಿ ಎಂದೆ. ಆಗಲೂ ಇಲ್ಲ ಎಂದ. ಮನೆಯವರನ್ನು ಕೇಳಿಕೊಂಡು ನಾಳೆ ಬನ್ನಿ ಎಂದು ಕಳಿಸಿದೆ. ವಿಚಿತ್ರವಾಗಿ ನೋಡಿಕೊಂಡು ಹೋದ, ಬಹುಶಃ ಬರಲಾರ.

ಅಣ್ಣ ಕೆಲಸಕ್ಕೆ ಸೇರಿದ ವರ್ಷ ನನ್ನನ್ನು ಒಂದು ಕಟ್ಟಡಕ್ಕೆ ಕರೆದುಕೊಂಡು ಹೋಗಿದ್ದ. ಲಿಫ್ಟಿನ ಒಳಗಲ್ಲ, ಅದರ ತಲೆಯ ಮೇಲೆ ಕೂರಿಸಿಕೊಂಡು ಏಳನೇ ಮಹಡಿಯವರೆಗೆ ಹೋದ. ಕತ್ತಲ ಬಾವಿಯಲ್ಲಿ ಮೇಲಕ್ಕೆ ಹೋದ ಹಾಗಿತ್ತು. ಪಕ್ಕದಲ್ಲೇ ಗ್ರೀಸು ಮೆತ್ತಿದ ಹಗ್ಗಗಳು ಸರಿಯುತ್ತಿದ್ದವು. ಹೆದರಿಕೆಯಾಗಿದ್ದರೂ ತೋರಿಸಿಕೊಳ್ಳಲಿಲ್ಲ. ಅವನು ಮಾತಾಡದೆ ನನ್ನ ಅಂಗಿಯ ಕಾಲರ್ ಹಿಂದಿನಿಂದ ಹಿಡಿದುಕೊಂಡಿದ್ದ. ಮನೆಗೆ ಬಂದ ಮೇಲೆ ಕಾಲರ್‌ಗೆ ಗ್ರೀಸ್ ಹತ್ತಿದ್ದಕ್ಕೆ ಅಮ್ಮ ಬೈದಳು. ‘ನನ್ನ ಕೈಯಿಂದಲೇ ಆಗಿದ್ದು’ ಎಂದು ಅಣ್ಣ ಒಪ್ಪಿಕೊಂಡ. ಆ ಲಿಫ್ಟಿನ ವಿಷಯ ಮಾತ್ರ ಇಬ್ಬರೂ ಬಾಯಿಬಿಡಲಿಲ್ಲ. ಅಮ್ಮನಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ.

ಅವನು ಗ್ರೀಸ್ ಕೈಯನ್ನು ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಉಜ್ಜುತ್ತಿದ್ದ. ಊಟಕ್ಕೆ ಕೂತಾಗ ಪಕ್ಕದಲ್ಲಿ ಆ ವಾಸನೆ ಬರುತ್ತಿತ್ತು. ಆಸ್ಪತ್ರೆಯಲ್ಲಿ ಅದು ಇರಲಿಲ್ಲ. ನಾನು ಹೆಚ್ಚು ಹೊತ್ತು ನಿಲ್ಲದೆ ಬಂದದ್ದು ಅದಕ್ಕೇ ಇರಬಹುದು.

ಏಪ್ರಿಲ್ 5, ಭಾನುವಾರ

ಬೆಳಿಗ್ಗೆ ಹನ್ನೊಂದಕ್ಕೆ ಅತ್ತಿಗೆ ಅಂಗಡಿಗೆ ಬಂದರು. ಕೈಯಲ್ಲಿ ಏನೂ ಇರಲಿಲ್ಲ. ಸ್ಟೂಲ್ ಮೇಲಿದ್ದ ಸಾಮಾನನ್ನು ತಾವೇ ಕೆಳಗಿಟ್ಟು ಕೂತರು.

‘ಮಿಷಿನ್ ಚೆನ್ನಾಗಿ ಓಡ್ತಿದೆ.’

‘ಹೂಂ.’

‘ನಲವತ್ತು ಗಿರಾಕಿಗಳ ಅಳತೆ ಬರೆದಿಟ್ಟೆ.’

‘ಒಂದು ಪ್ರತಿ ಪೆನ್‌ಡ್ರೈವ್‌ನಲ್ಲೂ ಇಟ್ಕೊಳ್ಳಿ’ ಎಂದೆ. ಬಾಯಿಂದ ಬಂದದ್ದು ಅದೇ. ಅವರು ನನ್ನ ಮುಖ ನೋಡಿದರು. ನಾನು ಮೇಜು ನೋಡಿದೆ.

‘ಅವರು ಬರೀತಿದ್ದದ್ದು ಏನು ಅಂತ ನಿನಗೆ ಹೇಳಬಾರದು ಅಂದ್ಕೊಂಡಿದ್ದೆ’ ಎಂದರು. ‘ಎರಡು ವಾರ ಹೊಟ್ಟೇಲಿಟ್ಕೊಂಡೆ. ಆಗಲ್ಲ ನನ್ನ ಕೈಲಿ. ಒಂದಿನ ಟವೆಲ್ ಕೊಡೋಕೆ ಅಂತ ಮಂಚದ ಹಿಂದಿನಿಂದ ಬಂದೆ. ಪರದೆ ಕಾಣಿಸ್ತು. ನನ್ನ ನೋಡಿ ಕೈ ಅಡ್ಡ ಇಟ್ರು. ಅಷ್ಟರಲ್ಲಿ ಮೊದಲನೇ ಪದ ಓದಿದ್ದೆ.’

ನಾನು ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟೆ.

‘ಮೊಂಡ, ಅಂತ ಇತ್ತು.’

ಚಿಕ್ಕಂದಿನಲ್ಲಿ ನನ್ನನ್ನು ಹಾಗೆ ಕರೆಯುತ್ತಿದ್ದವಳು ಅಮ್ಮ. ಅವಳನ್ನು ಕೇಳಿ ಅಣ್ಣನೂ ಹಾಗೇ ಕರೆಯುತ್ತಿದ್ದ. ನನಗೆ ಮೀಸೆ ಬಂದ ಮೇಲೂ ಬಿಡಲಿಲ್ಲ. ಅವರಿಬ್ಬರನ್ನು ಬಿಟ್ಟು ಬೇರಾರೂ ಕರೆದಿಲ್ಲ.

‘ನಿನಗೆ ಬರೆದ ಪತ್ರ ಅದು. ಎರಡು ತಿಂಗಳೂ ನಿನಗೇ. ನನಗೆ ಅಂತ ಒಂದು ಚೀಟಿ ಬರೆದಿಟ್ಟಿಲ್ಲ ಮನುಷ್ಯ. ಹೊಟ್ಟೆ ಉರೀತು ನನಗೆ, ಸುಳ್ಳು ಯಾಕೆ ಹೇಳಲಿ. ನನ್ನದಲ್ಲ ಅಂತ ಗೊತ್ತಾದ್ಮೇಲೆ ತೆರೆದು ನೋಡಲಿಲ್ಲ. ಹೋದ್ಮೇಲೂ ನೋಡಲಿಲ್ಲ. ನೀನು ಓದಿದ್ರೆ ಅದರಲ್ಲಿ ಎರಡು ಮಾತು ನನಗೂ ಹೇಳ್ತೀಯ ಅಂದ್ಕೊಂಡಿದ್ದೆ.’

‘ಅವತ್ತೇ ಯಾಕೆ ಹೇಳಲಿಲ್ಲ ಅತ್ತಿಗೆ?’

‘ಪತ್ರ ಇದೆ, ಬಾ ಅಂದಿದ್ರೆ ಬರ್ತಿದ್ಯಾ ನೀನು? ಮಿಷಿನ್ ಕೆಟ್ಟಿದೆ ಅಂದ್ರೆ ಮಾತ್ರ ಬಾಗಿಲು ತೆಗೆಯೋನು. ಅದಕ್ಕೇ ಹಾಗೆ ತಂದೆ. ತಪ್ಪು ನನ್ನದೂ ಇದೆ.’

‘ನಿಮ್ಮದೇನಿಲ್ಲ’ ಎಂದೆ.

ಅವರು ಸೆರಗಿನ ತುದಿಯಲ್ಲಿ ಸಿಕ್ಕಿಕೊಂಡಿದ್ದ ದಾರದ ಎಳೆಗಳನ್ನು ಕೀಳುತ್ತ ಕೂತರು. ಆಮೇಲೆ ಕೇಳಿದರು, ‘ಏನು ಬರೆದಿರ್ತಾರೆ ಅನ್ಸುತ್ತೆ ನಿನಗೆ?’

‘ಬೈದಿರ್ತಾನೆ.’

‘ಎರಡು ತಿಂಗಳು ಕೂತು ಬೈತಾರಾ ಯಾರಾದ್ರೂ?’

‘ಬೈದಿರಲಿ ಅತ್ತಿಗೆ’ ಎಂದೆ. ‘ಎರಡು ತಿಂಗಳಲ್ಲ, ಎರಡು ವರ್ಷ ಕೂತು ಬೈದಿದ್ರೂ ಓದ್ತಿದ್ದೆ. ಬೈದಿದ್ದೇ ಸಾಕಿತ್ತು ನನಗೆ.’

ಅಮ್ಮ ಹೋದಾಗ ನಾನು ಅತ್ತಿರಲಿಲ್ಲ. ನವೆಂಬರ್‌ನಲ್ಲೂ ಅತ್ತಿರಲಿಲ್ಲ. ಇವತ್ತು ಹಗಲು ಹನ್ನೊಂದು ಗಂಟೆಗೆ, ಬಾಗಿಲು ತೆರೆದಿರುವಾಗ, ಮೇಜಿನ ಮೇಲೆ ಬಿಚ್ಚಿಟ್ಟ ಮಿಷಿನ್ ಮುಂದೆ ಕೂತು ಅತ್ತೆ. ನಿಲ್ಲಿಸೋಣವೆಂದರೂ ನಿಲ್ಲಲಿಲ್ಲ. ಅತ್ತಿಗೆ ಸಮಾಧಾನ ಮಾಡಲಿಲ್ಲ, ಎದ್ದು ಹೋಗಲೂ ಇಲ್ಲ.

ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ಯಾರೋ ಗಿರಾಕಿ, ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ಬಾಗಿಲಲ್ಲಿ ನಿಂತ. ಅತ್ತಿಗೆ ಎದ್ದು ಅವನಿಗೆ ನಾನು ಕಾಣದ ಹಾಗೆ ಅಡ್ಡ ನಿಂತರು.

‘ನನ್ನ ಮೈದುನ ಸ್ವಲ್ಪ ಕೆಲಸದಲ್ಲಿದ್ದಾನೆ’ ಎಂದರು. ‘ಮಧ್ಯಾಹ್ನದ ಮೇಲೆ ಬನ್ನಿ.’